ನಮ್ಮವರು ಹಚ್ಚಿದ ಒಲೆ

ನಮ್ಮೂರಿನಲ್ಲಿ ಯಾರೂ ತಮ್ಮ ಮನೆಯ ಒಲೆಯನ್ನು ತಾವೇ ಹಚ್ಚುವುದಿಲ್ಲ. ಹಚ್ಚಬಾರದೆಂದು ಯಾರೂ ಕಟ್ಟಳೆ ಮಾಡಿದ್ದಲ್ಲ. ಹಚ್ಚಿದರೆ ನಿಲ್ಲುವುದಿಲ್ಲ, ಅಷ್ಟೆ. ಕಡ್ಡಿ ಗೀರಿದರೆ ಉರಿಯುತ್ತದೆ, ಒಣ ಗರಿಗೆ ತಾಗಿಸಿದರೆ ತಾಗುತ್ತದೆ, ಆಮೇಲೆ ಏನೋ ನೆನಪಾಗಿ ಎದ್ದುಹೋದವರ ಹಾಗೆ ಬೆಂಕಿ ಅಲ್ಲಿರುವುದಿಲ್ಲ. ಸೀಮೆಎಣ್ಣೆ ಸುರಿದು ನೋಡಿದವರಿದ್ದಾರೆ, ಎಣ್ಣೆ ದಂಡವಾಯಿತು. ಗ್ಯಾಸು ಬಂದ ಮೇಲೂ ಇದೇ ಪಾಡು. ಲೈಟರು ಟಕ್ ಟಕ್ ಎನ್ನುತ್ತದೆ, ಒಲೆ ಕೇಳಿಸಿಕೊಳ್ಳುವುದಿಲ್ಲ. ಒಂದೇ ದೇವರನ್ನು ಒಂದೇ ಹೆಸರಿನಿಂದ ಕರೆಯುವವರ ಕೈಯಲ್ಲಿ ಒಬ್ಬರ ಒಲೆ ಇನ್ನೊಬ್ಬರಿಗೆ ಹತ್ತುವುದಿಲ್ಲ ಎಂದು ನಾವು ತೊಟ್ಟಿಲಿನಿಂದ ಕೇಳಿಕೊಂಡು ಬಂದವರು. ಹೀಗಾಗಿ ಮುಸಲ್ಮಾನರ ಒಲೆಯನ್ನು ಕ್ರೈಸ್ತರು, ಕ್ರೈಸ್ತರ ಒಲೆಯನ್ನು ಮುಸಲ್ಮಾನರು ಹಚ್ಚಿಕೊಡುವುದು ನಡೆದುಬಂದಿದೆ. ಬೆಳಗಿನ ಬಾಂಗು ಮುಗಿದು ಚರ್ಚಿನ ಗಂಟೆ ಹೊಡೆಯುವುದರೊಳಗೆ ಬೀದಿಗೆ ಬಂದು ನಿಂತರೆ ಬೆಂಕಿಪೊಟ್ಟಣ ಹಿಡಿದು ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ದಾಟುವ ಹೆಂಗಸರು ಕಾಣಿಸುತ್ತಾರೆ. ಅವರನ್ನು ನಾವು ಒಲೆಗೆಳತಿಯರು ಎನ್ನುತ್ತೇವೆ. ರಂಜಾನ್ ತಿಂಗಳಿನಲ್ಲಿ ಸಹರಿಯ ಊಟಕ್ಕೆಂದು ನಸುಕಿಗೂ ಮುಂಚೆ ನಮಗಾಗಿ ಎದ್ದು ಬರುವ ಕ್ರೈಸ್ತರ ಹೆಂಗಸರು ಕಣ್ಣುಜ್ಜಿಕೊಳ್ಳುತ್ತಾ, "ಉಪವಾಸ ನಿಮಗೆ, ನಿದ್ದೆಗೇಡು ನಮಗೆ" ಎಂದು ಗೊಣಗುತ್ತಾರೆ. ಚರ್ಚಿನ ಪೀಠದ ಮೇಣದಬತ್ತಿ ಹಚ್ಚುವವರು ಹಾಸಿಗೆ ಹೊಲಿಯುವ ಗಫಾರ್ ಸಾಬರು. ಹಬ್ಬದ ದಿನ ಬತ್ತಿ ಹೆಚ್ಚಿದ್ದರೆ ಅವರಿಗೆ ಮಂಡಿನೋವು ಬರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮೂರಿನವರು ಒಬ್ಬರ ಮೇಲೊಬ್ಬರು ಪ್ರಾಣ ಇಟ್ಟುಕೊಂಡಿದ್ದಾರೆಂದು ತಿಳಿಯಬೇಡಿ. ಒಮ್ಮೆ ಮಸೀದಿಯ ಮೈಕಿಗೂ ಚರ್ಚಿನ ಗಂಟೆಗೂ ಹೊತ್ತಿನ ವಿಷಯದಲ್ಲಿ ಜಟಾಪಟಿಯಾಗಿ ಎರಡೂ ಕಡೆಯವರು ಒಲೆ ಹಚ್ಚುವುದನ್ನು ಬಿಟ್ಟಿದ್ದರು. ಊರೆಲ್ಲ ನೆನೆಸಿದ ಅವಲಕ್ಕಿ ತಿಂದಿತು. ವಾರ ಕಳೆಯುವ ಮೊದಲೇ ರಾಜಿಯಾಯಿತು. ರಾಜಿ ಮಾಡಿಸಿದ್ದು ಹೊಟ್ಟೆ, ಮನಸ್ಸಲ್ಲ. ಒಲೆಗೆಳತಿ ಬಂದರೆ ಒಲೆಯ ಮುಂದೆ ಕೂತು, ಹಚ್ಚಿ, ಎದ್ದು ಹೋಗಬೇಕು. ನೀರಿನ ಕೊಡದ ಕಡೆ, ಹಿಟ್ಟಿನ ಡಬ್ಬದ ಕಡೆ ಹಾಯುವಂತಿಲ್ಲ. ಇದನ್ನೂ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ.

ನಾನು ಮಾತು ಕಡಿಮೆಯವಳು. ಅಬ್ಬಾ ಕೇರಿಯ ಮಕ್ಕಳಿಗೆ ಕುರಾನ್ ಓದು ಕಲಿಸುತ್ತಿದ್ದರು. ಅಕ್ಷರ ತೋರಿಸುವ ಮೊದಲು ಕಿವಿಯಿಂದ ಕಲಿಸುವುದು ಅವರ ಪದ್ಧತಿ. ಅವರು ಒಂದು ಸಾಲು ಹೇಳುವುದು, ನಾವು ಕಣ್ಣುಮುಚ್ಚಿ ಕೇಳುವುದು; ಮತ್ತೆ ಅದೇ ಸಾಲು, ಮತ್ತೆ ಕೇಳುವುದು. ನಾಲಿಗೆಗೆ ಅವಸರ ಬೇಡ, ಸಾಲು ಒಳಗೆ ಕೂತ ಮೇಲೆ ತಾನಾಗಿಯೇ ಬರುತ್ತದೆ ಎನ್ನುವರು. ಹೀಗೆ ಬೆಳೆದದ್ದಕ್ಕೋ ಏನೋ, ನನಗೆ ಮನುಷ್ಯರ ಮುಖಕ್ಕಿಂತ ದನಿ ನೆನಪಿರುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಮರುದಿನ ಬೆಳಿಗ್ಗೆ ಒಲೆ ಹಚ್ಚಲು ಎದುರುಮನೆಯಿಂದ ಬಂದ ಸಲೋಮಕ್ಕನನ್ನೂ ನಾನು ಮೊದಲು ದನಿಯಿಂದಲೇ ಅರಿತದ್ದು. ಕಡ್ಡಿ ಗೀರುವಾಗ ಅವರು ತಮ್ಮ ಚರ್ಚಿನ ಹಾಡೊಂದನ್ನು ಬಾಯಿ ತೆರೆಯದೆ ಗುನುಗುತ್ತಿದ್ದರು. ಇಪ್ಪತ್ತು ಚಿಲ್ಲರೆ ವರ್ಷ ಹಾಗೆಯೇ ಗುನುಗಿದರು. ನನಗೆ ಅವರ ಹಾಡುಗಳೆಲ್ಲ ಬಂದುಬಿಟ್ಟಿವೆ. ಹಾಡಿದ್ದಿಲ್ಲ, ಒಳಗೆ ಇವೆ. ಅವರ ಒಲೆಯನ್ನು ನಾನು ಹಚ್ಚುತ್ತಿದ್ದೆ, ನನ್ನದನ್ನು ಅವರು. ಅವರ ಬೆಂಕಿ ಒಂದು ದಿನವೂ ಕೈಕೊಡಲಿಲ್ಲ, ನನ್ನದೂ ಹಾಗೆಯೇ. ನಮ್ಮಿಬ್ಬರ ನಡುವೆ ಒಂದು ದಿನವೂ ಒಂದು ಮಾತು ಹೆಚ್ಚು ಬಂದದ್ದಿಲ್ಲ. ಬೀದಿಯ ಅತ್ತೆಯರು ತಂತಮ್ಮ ಸೊಸೆಯರಿಗೆ, "ನೋಡಿ ಕಲೀರಿ, ರುಖಿಯಾ-ಸಲೋಮಿ ಹೆಂಗಿದಾರೆ" ಎಂದು ನಮ್ಮನ್ನು ತೋರಿಸುತ್ತಿದ್ದರು.

ಆ ವರ್ಷ ಸಲೋಮಕ್ಕನ ಅಣ್ಣನಿಗೆ ಲಕ್ವ ಹೊಡೆದು, ನೋಡಿಕೊಳ್ಳುವವರಿಲ್ಲದೆ ಅವರು ಬೇರೆ ಊರಿಗೆ ಹೋಗಬೇಕಾಯಿತು. ಹೋಗುವ ಮುನ್ನ ತಮ್ಮ ಸೊಸೆ ಜೆಸಿಂತಾಳನ್ನು ನಮ್ಮ ಹೊಸಿಲಿಗೆ ಕರೆತಂದು, "ಇನ್ಮೇಲೆ ಇವಳು ಹಚ್ತಾಳೆ" ಎಂದು ಒಪ್ಪಿಸಿದರು. ಜೆಸಿಂತಾ ಬೇರೆ ಊರಿನಿಂದ ಬಂದ ಹುಡುಗಿ. ಮಾಂಸದ ಪಾತ್ರೆ ಕಂಡರೆ ಮೂಗು ಮುಚ್ಚುವಳು, ನಾನು ಓದುತ್ತಿದ್ದರೆ ಬಾಗಿಲಲ್ಲೇ ನಿಂತು ಮುಗಿಯಲಿ ಎಂದು ಕಾಯುವಳು. ಮುಖ ಆ ಕಡೆ ತಿರುಗಿಸಿಕೊಂಡು, ತೋಳು ಮಾತ್ರ ಒಲೆಯ ಕಡೆ ಚಾಚಿ ಕಡ್ಡಿ ಎಸೆಯುವಳು. ಆದರೆ ಬೆಂಕಿ! ಅಂಥ ಬೆಂಕಿ ನಮ್ಮ ಒಲೆ ಕಂಡಿರಲಿಲ್ಲ. ಭಗ್ಗೆಂದು ಎದ್ದು ಮೇಲೆ ಕಟ್ಟಿದ್ದ ಮೆಣಸಿನಕಾಯಿ ಸರವನ್ನು ಸುಟ್ಟಿತು. ಅನ್ನ ಎರಡು ಸಲ ತಳ ಹಿಡಿಯಿತು. ನನ್ನ ಅತ್ತೆ ಮಾಬೂಬಿ, "ಈ ಹುಡುಗಿ ಕೈಲಿ ಏನೋ ಇದೆ ಕಣೇ" ಎಂದು ಹೊಗಳಿದರು. ಅದೇನೆಂದು ನಮಗಾರಿಗೂ ಆಗ ತಿಳಿಯಲಿಲ್ಲ. ತಿಂಗಳು ತುಂಬುವುದರೊಳಗೆ ಜೆಸಿಂತಾಗೆ ತಲೆನೋವು ಶುರುವಾಯಿತು, ಆಮೇಲೆ ಸೊಂಟನೋವು, ಆಮೇಲೆ ಅವಳು ಬರುವುದೇ ನಿಂತಿತು.

ಒಲೆ ತಣ್ಣಗಿದ್ದ ಎರಡನೆಯ ಬೆಳಿಗ್ಗೆ ಪಕ್ಕದ ಗೋಡೆಯ ಮೇಲಿಂದ ಒಂದು ತಲೆ ಕಂಡಿತು. ಸೋಡಾ ಕುಸುಮ. ಗೋಲಿ ಸೋಡಾ ಮಾಡುವ ಯಂತ್ರವೊಂದನ್ನು ಹಿತ್ತಿಲ ಶೆಡ್ಡಿನಲ್ಲಿಟ್ಟುಕೊಂಡು ಬದುಕುವ ಒಂಟಿ ಹೆಂಗಸು, ನನ್ನದೇ ವಯಸ್ಸು. ಅವಳ ತಂದೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು; ದೇವರಿಲ್ಲ ಎಂದು ನಡುಬೀದಿಯಲ್ಲಿ ನಿಂತು ಹೇಳಿದವರು. ಮಗಳೂ ಹಾಗೆಯೇ. ನಮ್ಮೂರಿನಲ್ಲಿ ಅಂಥವರು ಒಂದು ಬೆಂಚಿಗೆ ಸಾಲುವಷ್ಟು ಜನ. ಯಾರ ಒಲೆಯನ್ನಾದರೂ ಅವರು ಹಚ್ಚಬಹುದು. ಆದರೂ ತೀರಾ ಕಷ್ಟ ಬಂದರೆ ಮಾತ್ರ ಜನ ಅವರನ್ನು ಕರೆಯುವುದು. ನಾಸ್ತಿಕರ ಬೆಂಕಿಯಲ್ಲಿ ಬೆಂದ ಅನ್ನಕ್ಕೆ ರುಚಿಯಿಲ್ಲ ಎಂಬ ಒಂದು ಮಾತಿನಲ್ಲಿ ಮಸೀದಿಗೂ ಚರ್ಚಿಗೂ ಪೂರಾ ಒಮ್ಮತ. ಕುಸುಮಳ ಒಲೆಯೂ ಅವಳ ಕೈಯಲ್ಲಿ ಹತ್ತುತ್ತಿರಲಿಲ್ಲ, ನಮ್ಮಲ್ಲಿಂದ ಕೆಂಡ ತರಿಸಿ ಹಾಕಿಸಿಕೊಳ್ಳುತ್ತಿದ್ದಳು. ದೇವರನ್ನೇ ಕರೆಯದವಳ ಒಲೆ ಯಾಕೆ ಆರಬೇಕು ಎಂದು ನಾವು ಯಾರೂ ಯೋಚಿಸಿರಲಿಲ್ಲ.

"ಏನೇ ರುಖಿಯಾ, ಎರಡು ದಿನದಿಂದ ಹೊಗೆ ಇಲ್ಲ, ಸದ್ದಿಲ್ಲ. ನನ್ನ ಕೆಂಡಕ್ಕೆ ಗತಿ ಏನು?" ಎಂದಳು ಗೋಡೆಯ ಮೇಲಿಂದ.

ವಿಷಯ ತಿಳಿದು, "ಅಷ್ಟೇನಾ, ನಾನು ಹಚ್ತೀನಿ" ಎಂದು ಗೋಡೆ ಇಳಿದೇಬಿಟ್ಟಳು. ಅತ್ತೆ ಜಪಸರ ಎಣಿಸುತ್ತಿದ್ದವರು ಅಲ್ಲಿಂದಲೇ, "ದೇವರ ಭಯ ಇಲ್ಲದವಳು ಒಲೆ ಹಚ್ಚಿದ್ರೆ ಅನ್ನದಲ್ಲಿ ಬರ್ಕತ್ ಇರುತ್ತೇನೇ?" ಎಂದರು.

"ದೇವರ ಭಯ ಇಲ್ಲ ನಿಜ. ನಿಮ್ಮ ಭಯ ಇದೆಯಲ್ಲಮ್ಮ, ಸಾಲ್ದಾ?" ಎಂದಳು ಕುಸುಮ. ಕಡ್ಡಿ ಗೀರಿದಳು. ಬೆಂಕಿ ಹತ್ತಿತು. ಹದವಾದ ಬೆಂಕಿ. ಎದ್ದು ಹೋಗಬೇಕಲ್ಲ? ಹೋಗಲಿಲ್ಲ. ಮಣೆ ಎಳೆದುಕೊಂಡು ಕೂತು, "ಟೀ ಕೊಡು" ಎಂದಳು.

ಅಂದಿನಿಂದ ದಿನವೂ ಬಂದಳು. ಬೆಳಗಿನ ನಮಾಜು ಮುಗಿಸಿ ಒಲೆಯ ಪಕ್ಕ ಕೂತು ಒಂದಿಷ್ಟು ಓದಿಕೊಳ್ಳುವುದು ನನ್ನ ರೂಢಿ. ಅವಳು ಬಂದಾಗ ನಾನು ನಿಲ್ಲಿಸಿದರೆ, "ನಿಲ್ಲಿಸ್ಬೇಡ, ಓದು. ನಂಗೇನೂ ಅರ್ಥ ಆಗಲ್ಲ, ಅದಕ್ಕೇ ಚೆನ್ನಾಗಿದೆ" ಎನ್ನುವಳು.

"ಅರ್ಥ ಆದ್ರೆ ಇನ್ನೂ ಚೆನ್ನಾಗಿರುತ್ತೆ."

"ಅರ್ಥ ಆದ್ರೆ ಜಗಳ ಆಡ್ತೀನಿ. ರಾಗ ಸಾಕು."

ಅರ್ಥವಾಗದೆಯೂ ಜಗಳ ಆಡುತ್ತಿದ್ದಳು. ನನ್ನ ದೇವರು ಎಲ್ಲವನ್ನೂ ನೋಡುತ್ತಾನೆಂದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾಕೆ ಕಣ್ಣು ಮುಚ್ಚಿಕೊಳ್ಳುತ್ತಾನೆ ಎನ್ನುವಳು. ಅವಳ ತಂದೆ ಸಾಯುವ ಮುಂಚೆ ಯಾರನ್ನು ಕರೆದರು ಎಂದು ನಾನು ಕೇಳಿದರೆ, "ಕಾಂಪೌಂಡರನ್ನ" ಎನ್ನುವಳು. ನಾನು ನಗುವುದಿಲ್ಲ ಎಂದುಕೊಂಡೇ ನಗುತ್ತಿದ್ದೆ. ಕೇಳದೆ ನನ್ನ ಡಬ್ಬಗಳ ಮುಚ್ಚಳ ತೆಗೆಯುವಳು, ಕೊಡದಿಂದ ನೀರು ಮೊಗೆದು ಕುಡಿಯುವಳು, ಪಾತ್ರೆಯಿಂದಲೇ ಸಾರು ಅಂಗೈಗೆ ಬಿಟ್ಟುಕೊಂಡು ಉಪ್ಪು ಕಡಿಮೆ ಎನ್ನುವಳು. ಮೊದಮೊದಲು ನಾನು ಅವಳ ಹಿಂದೆಯೇ ಮುಚ್ಚಳ ಹಾಕುತ್ತಾ ಬರುತ್ತಿದ್ದೆ. ಆಮೇಲೆ ಬೈಯಲು ಕಲಿತೆ. ಯಾರನ್ನೂ ಏರುದನಿಯಲ್ಲಿ ಮಾತಾಡಿಸಿದವಳಲ್ಲದ ನಾನು, "ಕತ್ತೇ, ಕೈ ತೊಳ್ದಿದೀಯೇನೇ?" ಎಂದು ಕೂಗಿದ ದಿನ ಅತ್ತೆಯ ಜಪಸರ ನಿಂತುಹೋಗಿತ್ತು.

ನನ್ನ ಮಗಳು ಸಬಿಹಾ ಬಾಣಂತನಕ್ಕೆ ಬಂದಳು. ಹೆರಿಗೆ ಕಷ್ಟವಾಯಿತು. ಆಸ್ಪತ್ರೆಯ ವರಾಂಡದಲ್ಲಿ ನಾನು ಓದುತ್ತಾ ಕೂತಿದ್ದರೆ ಕುಸುಮ ಪಕ್ಕದಲ್ಲಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ನಾನು ತಡವರಿಸಿ ಒಂದು ಸಾಲು ಬಿಟ್ಟಾಗ, "ಅಲ್ಲಿ ಇನ್ನೊಂದು ಬರುತ್ತಲ್ಲ, ಮೇಲಕ್ಕೆ ಹೋಗೋದು" ಎಂದು ಮೆಲ್ಲಗೆ ರಾಗ ಎಳೆದು ತೋರಿಸಿದಳು. ಹೆಣ್ಣುಮಗು ಹುಟ್ಟಿತು.

ಮಗುವಿನೊಂದಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಕುಸುಮ ಹಚ್ಚಿದ ಬೆಂಕಿ ಆರಿತು.

ಕಡ್ಡಿ ತೇವ ಹಿಡಿದಿದೆ ಎಂದು ಇನ್ನೊಂದು ಗೀರಿದಳು. ಪೊಟ್ಟಣ ಬದಲಿಸಿದಳು. ಗರಿ ಬದಲಿಸಿದಳು. ಒಲೆ ಅವಳನ್ನು ನೋಡುತ್ತಾ ಸುಮ್ಮನಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದರು, ನೋಡಿದರು, ಎರಡೂ ಕೈ ಮೇಲಕ್ಕೆತ್ತಿ ದುವಾ ಮಾಡಿ, ಡಬ್ಬದಿಂದ ಒಂದು ಹಿಡಿ ಸಕ್ಕರೆ ತೆಗೆದು ಕುಸುಮಳ ಬಾಯಿಗೆ ತುಂಬಿದರು.

"ಏನಕ್ಕೆ?" ಎಂದಳು ಕುಸುಮ, ಬಾಯಿ ತುಂಬ ಸಕ್ಕರೆ.

"ನಮ್ಮ ದೀನಿಗೆ, ನಮ್ಮ ಧರ್ಮಕ್ಕೆ ಬಂದೆಯಲ್ಲೇ ನನ್ನ ಕಂದಾ! ಒಲೆ ಸುಳ್ಳು ಹೇಳಲ್ಲ."

"ನಾನೆಲ್ಲಿಗೂ ಬಂದಿಲ್ಲ. ಇಲ್ಲೇ ಕೂತಿದೀನಿ."

"ನಿನ್ನ ತಲೆಗೆ ಇನ್ನೂ ತಿಳಿದಿಲ್ಲ, ಎದೆಗೆ ತಿಳಿದಿದೆ" ಎಂದರು ಅತ್ತೆ.

ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳ ಮುಖ ನೋಡಿದೆ. ತಾನಿಲ್ಲದಾಗ ಯಾರೋ ತನ್ನ ಮನೆಗೆ ನುಗ್ಗಿ ಸಾಮಾನೆಲ್ಲ ಅತ್ತಿಂದಿತ್ತ ಇಟ್ಟುಹೋದಾಗ ಆಗುವ ಮುಖ. ಸಕ್ಕರೆಯನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಹಾಗೆಯೇ ಗೋಡೆ ಹತ್ತಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರಾಯಿತು. ನಮ್ಮ ಕಡೆಯ ಹೆಂಗಸರು ಖರ್ಜೂರ, ಹೊಸ ದುಪಟ್ಟಾ ಹಿಡಿದು ಅವಳ ಶೆಡ್ಡಿನ ಮುಂದೆ ನೆರೆದರು. ಚರ್ಚಿನ ಪಾದ್ರಿಗಳು ಬಂದು ಒಂದು ಸೋಡಾ ಕುಡಿದು, "ನಮ್ಮಲ್ಲಿ ನಿನಗೇನು ಕೊರತೆ ಕಂಡಿತು ಮಗಳೇ?" ಎಂದು ನೊಂದುಕೊಂಡು ಕೇಳಿದರಂತೆ. ಅವಳದೇ ಬೆಂಚಿನ ನಾಸ್ತಿಕರು, ವಾರಕ್ಕೊಮ್ಮೆ ಸೇರಿ ವಾದ ಮಾಡುತ್ತಾ ಡಜನ್‌ಗಟ್ಟಲೆ ಸೋಡಾ ಕುಡಿಯುವವರು, ಆ ವಾರ ನಿಂಬೆಹಣ್ಣಿನ ಪಾನಕ ತರಿಸಿಕೊಂಡರು. ಆಮೇಲೂ ಅವಳಲ್ಲಿಗೆ ಬರಲಿಲ್ಲ. ಗೋಡೆಯಾಚೆ ಯಂತ್ರದ ಸದ್ದು ನಿಂತಿತು. ಅವಳು ಬರುವುದನ್ನೂ ಬಿಟ್ಟಳು. ನಮ್ಮ ಒಲೆ ಹಚ್ಚಲು ಸೊಂಟನೋವು ವಾಸಿಯಾದ ಜೆಸಿಂತಾಳೇ ಬರಬೇಕಾಯಿತು. ಮತ್ತೆ ಮೆಣಸಿನಕಾಯಿ ಸರ ಸುಟ್ಟಿತು. ನಾನು ದಿನವೂ ಗೋಡೆಯ ಪಕ್ಕಕ್ಕೆ ಸರಿದು ಕೂತು ಓದುತ್ತಿದ್ದೆ. ಆ ಕಡೆ ಅವಳಿದ್ದಾಳೆಂದು ಉಸಿರಿನಿಂದ ತಿಳಿಯುತ್ತಿತ್ತು. ಬೇಕೆಂದೇ ಒಂದು ಸಾಲು ಬಿಟ್ಟೆ. ಆ ಕಡೆಯಿಂದ ಯಾರೂ ತಿದ್ದಲಿಲ್ಲ.

ಒಂದು ಬೆಳಿಗ್ಗೆ ಅವಳು ಗೋಡೆ ಹತ್ತದೆ ಮುಂಬಾಗಿಲಿನಿಂದ ಬಂದಳು. ಹಿಂದೆ ಅರ್ಧ ಬೀದಿ ಇತ್ತು. "ದರ್ಜಿ ಶಮೀಮಳ ಒಲೆ ಹಚ್ಚಿ ಬಂದೆ. ಉರೀತಾ ಇದೆ, ಹೋಗಿ ನೋಡಿ. ಶಮೀಮ ಐದು ಹೊತ್ತು ನಮಾಜು ಮಾಡೋಳು. ಎದುರುಮನೆ ಜೆಸಿಂತಾಳ ಒಲೇನೂ ಹಚ್ಚಿದೆ. ಅದೂ ಉರೀತಾ ಇದೆ. ಈಗ ಹೇಳಿ, ನಾನು ಯಾರ ಕಡೆ?" ಎಂದು ನಮ್ಮ ನಡುಮನೆಯಲ್ಲಿ ನಿಂತು ಕೇಳಿದಳು. ಅವಳು ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಓರಗಿತ್ತಿ ಖೈರೂಬಿ ಇದಾರಲ್ಲ ಹಿಂದಿನ ಬೀದೀಲಿ, ಅವರನ್ನ ಕರೆಸಿ" ಎಂದಳು.

ಅತ್ತೆ ಸೆಟೆದರು. ಯಾವ ಕಾಲದ್ದೋ ಮದುವೆಯೂಟದಲ್ಲಿ ಖೈರೂಬಿ ತಮ್ಮ ತಟ್ಟೆಗೆ ಬರೀ ಎಲುಬು ಬಡಿಸಿದಳೆಂದು ಮಾತು ಬಿಟ್ಟವರು, ಅಣ್ಣತಮ್ಮಂದಿರಿಬ್ಬರೂ ತೀರಿಹೋದರೂ ಮಾತಾಡಿರಲಿಲ್ಲ. "ಅವಳ್ಯಾಕೆ ನನ್ನ ಹೊಸಿಲು ತುಳೀಬೇಕು?"

"ಅವರು ನಿಮ್ಮ ದೀನಿನವರೇ ತಾನೆ? ಹಚ್ಚಲಿ. ಆರಿದ್ರೆ ನಾನು ನೀವು ಹೇಳಿದ ಹಾಗೆ ಕೇಳ್ತೀನಿ."

ಮುಸಲ್ಮಾನರ ಒಲೆಯನ್ನು ಮುಸಲ್ಮಾನರ ಕೈಯಿಂದ ಹಚ್ಚಿಸಿ ನೋಡುವ ಹುಚ್ಚು ಇದುವರೆಗೆ ಯಾರಿಗೂ ಬಂದಿರಲಿಲ್ಲ. ಆರುವುದೆಂದು ಗೊತ್ತಿದ್ದ ಮೇಲೆ ಯಾಕೆ ನೋಡುತ್ತಾರೆ? ಖೈರೂಬಿ ಬಂದರು. ಕೋಲೂರಿಕೊಂಡು, ಯಾರ ಕಡೆಯೂ ನೋಡದೆ ನೇರವಾಗಿ ಅಡುಗೆಮನೆಗೆ ಹೋಗಿ, ಬಿಸ್ಮಿಲ್ಲಾ ಎಂದು ಕಡ್ಡಿ ಗೀರಿದರು. ಒಲೆ ಭಗಭಗ ಹತ್ತಿಕೊಂಡಿತು. ನಡುಮನೆಯಲ್ಲಿದ್ದವರೆಲ್ಲ ಬಾಗಿಲಿಗೆ ಮುಗಿಬಿದ್ದು ನೋಡಿದರು. ಅತ್ತೆ ಮಾತ್ರ ಗೆದ್ದವರ ಹಾಗೆ ಎರಡೂ ಕೈ ತಟ್ಟಿ, "ನೋಡಿದ್ರಾ! ನಾನು ಆವತ್ತಿನಿಂದ ಹೇಳ್ತಿಲ್ವಾ, ಈ ಖೈರೂಬಿ ನಮ್ಮವಳಲ್ಲ ಅಂತ!" ಎಂದರು. ಖೈರೂಬಿ, "ಎಲುಬಲ್ಲ, ಚಾಪ್ಸು ಬಡಿಸಿದ್ದೆ. ಹಲ್ಲಿಲ್ಲದವಳಿಗೆ ಎಲ್ಲ ಎಲುಬೇ" ಎಂದು ಹೇಳಿ ಕೋಲೂರಿಕೊಂಡು ಹೊರಟುಹೋದರು. ಅದು ಅವರಿಬ್ಬರ ನಡುವೆ ಎಷ್ಟೋ ವರ್ಷದ ನಂತರದ ಮೊದಲ ಮಾತು.

ಜನ ಒಬ್ಬೊಬ್ಬರಾಗಿ ಕರಗಿದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುಸುಮ ಮಣೆಯ ಮೇಲೆ ಕೂತಳು. "ನಿನ್ನ ದೇವರಿಗೂ ನನಗೂ ಇನ್ನೂ ಪರಿಚಯ ಇಲ್ಲ ಕಣೆ ರುಖಿಯಾ, ಆಸೆ ಇಟ್ಕೋಬೇಡ. ಏನಾಗಿದೆ ಅಂದ್ರೆ, ನಾನು ಈ ಮನೆಯವಳಾಗಿಬಿಟ್ಟಿದೀನಿ. ಅದಕ್ಕೇ ಈ ಒಲೆ ನನ್ನ ಕೈಲಿ ಹತ್ತುತ್ತಿಲ್ಲ. ಅಷ್ಟೇ." ಒಲೆಗೆ ಕೈ ಕಾಯಿಸಿಕೊಳ್ಳುತ್ತಾ, "ಟೀ ಕೊಡ್ತೀಯಾ ಇಲ್ವಾ?" ಎಂದಳು. ನಾನು ಕೊಟ್ಟೆ.

ಅವಳು ಹೋದ ಮೇಲೆ ನಾನು ಒಲೆಯ ಮುಂದೆ ಕೂತೇ ಇದ್ದೆ. ಹಾಗಾದರೆ ಸಲೋಮಕ್ಕ? ಇಪ್ಪತ್ತು ಚಿಲ್ಲರೆ ವರ್ಷ ಒಂದು ದಿನವೂ ಆರದ ಅವರ ಬೆಂಕಿ? ಅವರ ಮನೆಯಲ್ಲಿ ಒಂದು ದಿನವೂ ಆರದ ನನ್ನ ಬೆಂಕಿ? ಕುಸುಮಳನ್ನು ಒಂದೇ ತಿಂಗಳಿನಲ್ಲಿ ಕತ್ತೆ ಎಂದು ಕರೆದವಳು ಸಲೋಮಕ್ಕನಿಗೆ ಇಂದಿಗೂ ನೀವು, ಬನ್ನಿ, ಕೂತ್ಕೊಳ್ಳಿ. ಅವರೂ ಕೂತವರಲ್ಲ.

ಸಲೋಮಕ್ಕನ ಅಣ್ಣ ಚೇತರಿಸಿಕೊಂಡಿದ್ದರು. ಮಗುವಿಗೆ ಹೆಸರಿಡುವ ಅಕೀಕಾ ಊಟಕ್ಕೆ ಎರಡು ದಿನ ಇದೆ ಎನ್ನುವಾಗ ಸಲೋಮಕ್ಕ ಊರಿಗೆ ಬಂದರು. ಮನೆಯ ಮೊದಲ ಮೊಮ್ಮಗುವಿನ ಊಟದ ಬೆಂಕಿಯನ್ನು ಆ ಮನೆಯ ಒಲೆಗೆಳತಿಯೇ ಹಚ್ಚಬೇಕು. ಬೇರೆಯವರು ಹಚ್ಚಿದರೆ ಅವರಿಬ್ಬರ ಗೆಳೆತನ ಮುರಿದಿದೆ ಎಂದು ಊರೇ ತಿಳಿಯುತ್ತದೆ. ಬಸ್ಸಿಳಿದವರು ಚೀಲ ಇಡುವ ಮೊದಲೇ ನಮ್ಮ ಹೊಸಿಲಿಗೆ ಬಂದು ನಿಂತರು. ಜೆಸಿಂತಾ ಎಲ್ಲ ಹೇಳಿದ್ದಾಳೆಂದು ಅವರ ದನಿಯಿಂದಲೇ ತಿಳಿಯಿತು.

"ರುಖಿಯಾ, ನನ್ನ ಬೆಂಕಿ ಒಂದಿನಾನೂ ಆರಲಿಲ್ಲ, ಅಲ್ವಾ?"

"ಇಲ್ಲಕ್ಕ."

"ನಾನು ಅದನ್ನ ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಿದ್ದೆ. ಅಣ್ಣನ ಊರಲ್ಲೂ ಹೇಳಿದ್ದೆ." ಹೊಸಿಲಿನ ಕಟ್ಟನ್ನು ಬೆರಳಿನಿಂದ ಉಜ್ಜಿದರು. "ನಾಡಿದ್ದು ಹಚ್ಬೇಕಲ್ಲ. ಆರಿದ್ರೆ ನಿಮ್ಮನೆ ಊಟ ಕೆಡುತ್ತೆ. ಹತ್ತಿದ್ರೆ…"

ಅವರು ಮುಗಿಸಲಿಲ್ಲ. ಜೆಸಿಂತಾ ಹಚ್ಚಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎನ್ನಬಹುದಿತ್ತು. ಅದು ನಾಲಿಗೆಯ ತನಕ ಬಂದು ನಿಂತಿತು. ನಮಾಜಿನಲ್ಲಿ ಕೂತಾಗ ಏನು ಬೇಡಬೇಕೆಂದು ತಿಳಿಯದೆ ಕೈ ಒಡ್ಡಿ ಸುಮ್ಮನೆ ಕೂತೆ. ಬೆಂಕಿ ಹತ್ತಲಿ ಎಂದೇ, ಹತ್ತದಿರಲಿ ಎಂದೇ? ಬೇಡುವವಳಿಗೇ ಗೊತ್ತಿಲ್ಲದ್ದನ್ನು ಕೇಳಿಸಿಕೊಳ್ಳುವವನಿಗೆ ಬಿಟ್ಟೆ.

ಅಕೀಕಾ ದಿನ ಬೆಳಿಗ್ಗೆ ಹಿತ್ತಿಲಿನಲ್ಲಿ ಕಲ್ಲು ಹೂಡಿ ದೊಡ್ಡ ತಾಮ್ರದ ದೇಗು ಏರಿಸಿದ್ದರು. ಬಿರಿಯಾನಿ ಮಾಡುವ ಇಸ್ಮಾಯಿಲ್ ಭಾಯಿ ನೆನೆಸಿದ ಅಕ್ಕಿಯನ್ನು ಹಿಡಿದು ನೋಡುತ್ತಾ, "ಅಕ್ಕಾ, ಅಕ್ಕಿ ಹೂವಾಗಿದೆ, ಇನ್ನೂ ತಡ ಮಾಡಿದ್ರೆ ಗಂಜಿ ಬಡಿಸ್ಬೇಕು" ಎಂದು ಅವಸರಿಸಿದ. ಬೀದಿಯವರೆಲ್ಲ ನೆರೆದಿದ್ದರು. ಯಾವತ್ತೂ ಬೆಂಕಿ ಹಚ್ಚುವುದನ್ನು ಯಾರೂ ನಿಂತು ನೋಡಿದವರಲ್ಲ. ಆವತ್ತು ಮಗುವನ್ನು ನೋಡುವುದು ಬಿಟ್ಟು ಕಲ್ಲಿನ ಒಲೆ ನೋಡುತ್ತಿದ್ದರು. ಸಲೋಮಕ್ಕ ಭಾನುವಾರದ ಸೀರೆ ಉಟ್ಟಿದ್ದರು. ಕೂತರು. ಅವರು ಯಾವ ಹಾಡನ್ನೂ ಗುನುಗುತ್ತಿಲ್ಲವೆಂದು ನನಗೆ ತಟ್ಟನೆ ಹೊಳೆಯಿತು. ಕಡ್ಡಿ ಗೀರಿದರು.

ಹತ್ತಿತು. ಒಂದೇ ಕಡ್ಡಿಗೆ. ಸೌದೆಯಿಂದ ಸೌದೆಗೆ ಹಾರಿ ದೇಗಿನ ಹೊಟ್ಟೆ ಸುತ್ತಿ ಮೇಲೆದ್ದಿತು. ಇಸ್ಮಾಯಿಲ್ ಭಾಯಿ, "ವಾಹ್! ಇದಪ್ಪಾ ಬೆಂಕಿ!" ಎಂದ. ಪಾಪ, ಅವನಿಗೆ ಅಕ್ಕಿಯ ಚಿಂತೆ. ಸಲೋಮಕ್ಕ ಸುಟ್ಟ ಕಡ್ಡಿ ಹಿಡಿದುಕೊಂಡು ಕೂತೇ ಇದ್ದರು. ಬೆಂಕಿಯ ಬೆಳಕು ಮುಖದ ಮೇಲಿತ್ತು. "ಹತ್ತಿಬಿಡ್ತಲ್ಲೇ" ಎಂದರು, ನನಗೆ ಮಾತ್ರ ಕೇಳುವಷ್ಟು.

ಊಟ ಚೆನ್ನಾಗಿ ಆಯಿತು. ಮಗುವಿಗೆ ನೂರೈನ್ ಎಂದು ಹೆಸರಿಟ್ಟರು. ಸಂಜೆಯ ಹೊತ್ತಿಗೆ ಜನ ಕಡಿಮೆಯಾದಾಗ ಸಲೋಮಕ್ಕ ಹೊರಡಲು ಎದ್ದರು. ನಾನು, "ಕೂತ್ಕೊಳ್ಳಿ ಅಕ್ಕಾ" ಎಂದೆ.

"ಇಷ್ಟು ವರ್ಷ ಹೀಗೇ ಹೇಳ್ತಿದೀಯ. ನಿಜವಾಗ್ಲೂ ಕೂತ್ಕೋ ಅಂತ ಯಾವತ್ತಾದ್ರೂ ಹೇಳಿದ್ಯಾ?"

"ನೀವು ಕೂತಿದ್ರೆ ತಾನೆ! ಕಡ್ಡಿ ಗೀರೋದು, ಓಡೋದು."

"ಓಡ್ದೆ ಇನ್ನೇನು? ಕ್ರಿಸ್ಮಸ್‌ಗೆ ಕೇಕ್ ಕೊಟ್ರೆ ಒಂದು ಸಲಾನಾದ್ರೂ ನನ್ನ ಎದುರಿಗೆ ಬಾಯಿಗೆ ಹಾಕ್ಕೊಂಡಿದೀಯಾ?"

ಒಳಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆ, ಯಾರೂ ಕೇಳದಿದ್ದರೂ, "ಕೇಕು ನಾವು ತಿಂತಿರಲಿಲ್ಲ. ಹೆಂಡ ಹಾಕಿರ್ತಾರೆ ಅಂತ ಮೇಕೆಗೆ ಕೊಡ್ತಿದ್ವಿ. ಮೇಕೆಗೆ ಬಲು ಪ್ರೀತಿ" ಎಂದರು.

ಸಲೋಮಕ್ಕನ ಮುಖ ಕೆಂಪಾಯಿತು. "ಮೇಕೆಗಾ? ನಿಮ್ಮನೇಗೆ ಅಂತ ಬೇರೆ ಪಾತ್ರೇಲಿ, ಒಂದು ತೊಟ್ಟು ಏನೂ ಹಾಕ್ದೆ, ದ್ರಾಕ್ಷಿ ನೆನೆಸೋ ನೀರು ಸಮೇತ ಬೇರೆ ಇಟ್ಟು ಮಾಡ್ತಿದ್ದೆ ಕಣೇ! ಎಲ್ಲರ ಹತ್ರ ಬೈಸ್ಕೊಂಡು ಮಾಡ್ತಿದ್ದೆ!"

"ಹಾಗಂತ ಒಂದು ಮಾತು ಹೇಳೋಕೆ ಏನಾಗಿತ್ತು?" ಎಂದೆ ನಾನು.

"ನೀನು ಕೇಳ್ದೆ ಹೆಂಗೆ ಹೇಳ್ಲಿ? ನೀನು ಬಾಯಿ ಬಿಡ್ತೀಯಾ? ಬೆಳಿಗ್ಗೆ ಆದ್ರೆ ಅದೊಂದು ಓದು. ನಾನು ಕಿಟಕಿ ಹಾಕ್ಕೊಳ್ತಿದ್ದೆ, ಗೊತ್ತಾ? ಮಗನ ಕಿವಿಗೆ ಬಿದ್ದು ಅವನೂ ಅದನ್ನೇ ಕಲಿತ್ರೆ ಅಂತ!"

ಇದು ನನಗೆ ಎಲ್ಲೋ ಆಳದಲ್ಲಿ ತಾಗಿತು. ಅವರ ಹಾಡಿಗೆ ನಾನು ಕಿವಿಯೊಡ್ಡಿ ಕೂರುತ್ತಿದ್ದಾಗ ಅವರೂ ನನ್ನ ಓದಿಗೆ ಹಾಗೆಯೇ ಕೂರುತ್ತಾರೆ ಎಂದುಕೊಂಡಿದ್ದೆ. "ಕಿಟಕಿ ಹಾಕ್ಕೊಳ್ತಿದ್ಯಾ? ನಾನು ನಿನ್ನ ಹಾಡು ಒಂದೊಂದೂ ಬಾಯಿಪಾಠ ಮಾಡ್ಕೊಂಡು ಕೂತಿದ್ರೆ ನೀನು ಕಿಟಕಿ ಹಾಕ್ಕೊಳ್ತಿದ್ಯಾ? ನಿಂಗೆ ನಾಚ್ಕೆ ಆಗ್ಬೇಕು!"

"ಏನಂದೆ?"

"ನಾಚ್ಕೆ ಆಗ್ಬೇಕು ಅಂದೆ! ನಿಂಗೆ!"

"ಸುಳ್ಳು. ಯಾವ ಹಾಡು ಬರುತ್ತೆ ನಿಂಗೆ? ಹಾಡು ನೋಡೋಣ!"

ನಾನು ಹಾಡಿದೆ. ಸಿಟ್ಟಿನಲ್ಲಿ, ನಡುಮನೆಯಲ್ಲಿ ನಿಂತು, ಅವರು ಕಡ್ಡಿ ಗೀರುವಾಗ ಗುನುಗುತ್ತಿದ್ದ ರಾಗವನ್ನು ಪೂರ್ತಿಯಾಗಿ ಹಾಡಿದೆ. ಬಾಯಿ ತೆರೆದು ಕೇಳಿರಲಿಲ್ಲವಾದ್ದರಿಂದ ಮಾತುಗಳಿರಲಿಲ್ಲ, ರಾಗವಷ್ಟೇ. ಸಬಿಹಾ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಗೋಡೆಯ ಮೇಲೆ ಕುಸುಮಳ ತಲೆ ಕಂಡಿತು: "ಎರಡು ಸೋಡಾ ಒಡೀಲಾ?"

"ಮೂರನೇ ಸಾಲು ತಪ್ಪು" ಎಂದರು ಸಲೋಮಕ್ಕ. ಕಣ್ಣು, ಮೂಗು ಎರಡೂ ಒರೆಸಿಕೊಳ್ಳುತ್ತಿದ್ದರು. "ಅಷ್ಟು ಎಳೀಬಾರ್ದು ಅದನ್ನ."

"ನೀನು ಎಳೀತಿದ್ದೆ!"

"ನಾನು ಊದ್ತಿದ್ದೆ, ಒಲೆ ಊದ್ತಿದ್ದೆ ದಡ್ಡಿ!" ಎಂದು ಕಿರುಚಿ, ಚಪ್ಪಲಿ ತಿರುವುಮುರುವಾಗಿ ಮೆಟ್ಟಿಕೊಂಡು ಎದುರುಮನೆಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡರು. ಕಿಟಕಿ ಮಾತ್ರ ತೆರೆದೇ ಇತ್ತು. ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಹುಡುಗಿಯರಿಗೆ ತೋರಿಸಲು ಇನ್ನು ಬೇರೆ ಯಾರನ್ನಾದರೂ ಹುಡುಕಬೇಕಲ್ಲ ಎಂಬಂತೆ ಅತ್ತೆಯರು ಒಬ್ಬರನ್ನೊಬ್ಬರು ನೋಡಿಕೊಂಡರು.

ಮರುದಿನ ಬಾಂಗು ಮುಗಿಯಿತು. ಓದಿಕೊಳ್ಳುತ್ತಾ ಕೂತೆ, ಎಂದಿಗಿಂತ ಸ್ವಲ್ಪ ಜೋರಾಗಿ. ಅವರು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಾಗಿಲು ತಳ್ಳಿಕೊಂಡು ಬಂದರು. ಮುಖ ಊದಿಕೊಂಡಿತ್ತು. ನನ್ನ ಕಡೆ ನೋಡದೆ ಒಲೆಯ ಮುಂದೆ ದೊಪ್ಪನೆ ಕೂತು ಕಡ್ಡಿ ಗೀರಿದರು. ಗರಿಗೆ ತಾಗಿಸಿದರು. ಬೆಂಕಿ ಗರಿಯ ತುದಿಗೆ ಬಂದು ನಿಂತಿತು, ಮುಂದಕ್ಕೆ ಹೋಗಲೋ ಬೇಡವೋ ಎಂಬಂತೆ ಬಾಗಿತು, ಕುಗ್ಗಿತು. ಬಹಳ ಹೊತ್ತಿನ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, ಒಂದು ಸೌದೆಯ ಅಂಚಿಗೆ ಹಿಡಿಯಿತು. ನೀಲಿಯ ಒಂದು ಎಳೆ, ಅಷ್ಟೇ.

"ಸೌದೆ ಹಸಿ ಇರ್ಬೇಕು" ಎಂದೆ ನಾನು.

ಸಲೋಮಿ ಕೈ ಚಾಚಿ ಒಂದು ಸೌದೆ ಮುರಿದು ನೋಡಿದಳು. ಅದು ಲಟಕ್ಕೆಂದು ಮುರಿಯಿತು, ಪೂರಾ ಒಣಗಿತ್ತು.

"ಹೌದು, ಹಸಿ" ಎಂದಳು. ಪಕ್ಕದಲ್ಲಿದ್ದ ಮಣೆಯನ್ನು ಕಾಲಿನಿಂದ ತನ್ನತ್ತ ಎಳೆದುಕೊಂಡಳು.